ಎಳೆಗೂಸಿನ ಎದೆಯಲ್ಲಿ ಹಾಲು

ಹುಟ್ಟಿದ ಮಗು ಕಣ್ಣೀರಿಲ್ಲದೆ ಅಳುತ್ತದೆ. ಹೆಂಚು ಹಾರಿಹೋಗುವಂತೆ ಕಿರುಚಿದರೂ ಕಣ್ಣು ಒಣಗಿಯೇ ಇರುತ್ತದೆ. ಮೊದಲ ಹನಿ ಕಾಣಬೇಕಾದರೆ ಕೆಲವು ವಾರ ಕಾಯಬೇಕು. ಇದನ್ನು ನನಗೆ ತೋರಿಸಿಕೊಟ್ಟವಳು ನನ್ನ ಅಜ್ಜಿ, ಅಪ್ಪನ ತಾಯಿ ಮಾದೇವಿ. ಎಳೆಗೂಸುಗಳಿಗೆ ಎಣ್ಣೆ ತಿಕ್ಕಿ ಮೀಯಿಸುವುದು ಅವಳ ಕೆಲಸ. ಹಳದೀಪುರದ ನಮ್ಮ ಮನೆಯೆದುರಿನ ಗದ್ದೆ ದಾಟಿ ಹೆದ್ದಾರಿಗೆ ಹೋಗಿ ಬಸ್ಸು ಹತ್ತಿದಳೆಂದರೆ ಇತ್ತ ಹೊನ್ನಾವರ, ಅತ್ತ ಕುಮಟೆ, ಎಲ್ಲಿ ಹೆರಿಗೆಯಾದರೂ ಅವಳಿಗೆ ಕರೆ ಬರುತ್ತಿತ್ತು. ಭಟ್ಕಳದ ಒಂದು ನವಾಯತ ಮುಸಲ್ಮಾನರ ಮನೆಯಲ್ಲಿ ನಲವತ್ತು ದಿನ ಉಳಿದು ಅವಳಿಮಕ್ಕಳನ್ನು ಮೀಯಿಸಿ ಬಂದಿದ್ದಳು. ಅಲ್ಲಿನ ಮಾತು ನಾಲ್ಕು ಕಲಿತು ಬಂದು ನಮ್ಮ ಮೇಲೆ ಪ್ರಯೋಗ ಮಾಡುತ್ತಿದ್ದಳು. ಓದು ಬರಹ ಬಾರದ ಹೆಂಗಸು. ಆದರೆ ಕೂಸಿನ ಮೈ ಓದುವುದರಲ್ಲಿ ಅವಳನ್ನು ಮೀರಿಸಿದವರು ಆ ಸುತ್ತಿನಲ್ಲಿ ಇರಲಿಲ್ಲ. ಅದರ ಹಮ್ಮು ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು. ನನಗೂ ಇತ್ತು, ಮಾದೇವಿಯ ಮೊಮ್ಮಗಳೆಂದು.

ನಮ್ಮದು ನಾಲ್ಕು ಕೋಣೆಯ ಹೆಂಚಿನ ಮನೆ. ಗದ್ದೆಯಲ್ಲಿ ಭತ್ತ, ಅದು ಕೊಯ್ದ ಮೇಲೆ ಹರಿವೆ, ಬದನೆ, ಸಿಹಿ ಈರುಳ್ಳಿ. ಅಡುಗೆಮನೆಯ ಹಿಂದೆ ಬಚ್ಚಲು, ಬಚ್ಚಲಲ್ಲಿ ತಾಮ್ರದ ಹಂಡೆ, ಹಂಡೆಯೊಲೆಯ ಬಾಯಿಗೆ ಒಣ ತೆಂಗಿನ ಗರಿ. ಮನೆಯ ಬೇರೆಲ್ಲ ಕಡೆ ಅಪ್ಪನ ಮಾತು ನಡೆಯುತ್ತಿತ್ತು, ಬಚ್ಚಲಲ್ಲಿ ಮಾತ್ರ ಅಜ್ಜಿಯದು. ನನ್ನ ತಂಗಿ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಆಯಿಯ, ಅಂದರೆ ನನ್ನ ಅಮ್ಮನ, ತಾಯಿ ಆ ಹೊತ್ತಿಗೆ ತೀರಿಕೊಂಡಿದ್ದರಿಂದ ಬಾಣಂತನಕ್ಕೆ ತವರಿಗೆ ಹೋಗುವ ಹಾಗಿರಲಿಲ್ಲ. ಹೊನ್ನಾವರದಲ್ಲಿ ಹೆರಿಗೆಯಾಗಿ ಮೂರನೆಯ ದಿನ ಕೂಸು ಮನೆಗೆ ಬಂತು. ಊರ ಕೂಸುಗಳನ್ನೆಲ್ಲ ಮೀಯಿಸಿದ ಅಜ್ಜಿಗೆ ಅಂತೂ ತನ್ನ ಮನೆಯ ಬಚ್ಚಲಲ್ಲೇ ಒಂದು ಕೂಸು ಸಿಕ್ಕಿತು. ನಾನು ಹುಟ್ಟಿದ್ದು ಆಯಿಯ ತವರಲ್ಲಿ, ಹಾಗಾಗಿ ನಾನು ಅವಳ ಕೈಗೆ ಸಿಕ್ಕಿರಲಿಲ್ಲ. ಆ ಬೇಸರವನ್ನು ಅವಳು ಆಗಾಗ ಆಡಿ ತೋರಿಸುತ್ತಿದ್ದಳು.

ಅವಳು ಮಣೆಯ ಮೇಲೆ ಕೂತು ಎರಡೂ ಕಾಲು ನೀಡಿ, ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ನಾನು ತಂಬಿಗೆಯಲ್ಲಿ ನೀರು ಹೊಯ್ಯುವವಳು. ಶಾಲೆಗೆ ಹೊರಡುವ ಮುಂಚಿನ ಆ ಅರ್ಧ ತಾಸಿನಲ್ಲಿ ನಾನು ಕಲಿತಷ್ಟನ್ನು ಯಾವ ಮಾಸ್ತರರೂ ಕಲಿಸಲಿಲ್ಲ. ಕೂಸಿನ ಬೆನ್ನಿನ ಮೇಲೆ, ಭುಜದ ಮೇಲೆ ತೆಳ್ಳನೆಯ ಕೂದಲು. ಕುಂಡೆಯ ಮೇಲೆ ಏಟು ಬಿದ್ದಂತೆ ನೀಲಿ ಕಲೆ. ಹುಟ್ಟಲು ಮನಸ್ಸಿಲ್ಲದವರನ್ನು ದೇವರು ಅಲ್ಲಿ ಹೊಡೆದು ಕಳಿಸುತ್ತಾನೆಂದು ಅಜ್ಜಿ ಹೇಳಿದಳು. ನೆತ್ತಿಯ ಮೇಲೆ ಎಲುಬೇ ಇಲ್ಲದ ಜಾಗ, ಅದು ಉಸಿರಾಡಿದಂತೆ ಏಳುತ್ತ ಇಳಿಯುತ್ತ ಇತ್ತು. ಅಜ್ಜಿ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರೆ ಕೂಸು ಆ ಕಡೆಗೇ ಬಾಯಿ ತೆರೆದು ತಿರುಗುತ್ತಿತ್ತು. ಕಂಕುಳಿಗೆ ಕೈ ಕೊಟ್ಟು ಎತ್ತಿ ಪಾದವನ್ನು ಮಣೆಗೆ ತಾಗಿಸಿದರೆ, ಐದು ದಿನದ ಕೂಸು ಒಂದರ ಮುಂದೆ ಒಂದು ಹೆಜ್ಜೆ ಇಡುತ್ತಿತ್ತು. ನಾನು ಬೆರಗಾಗಿ ಅಪ್ಪನನ್ನು ಕರೆಯಲು ಓಡಿದೆ. ಈ ನಡಿಗೆ ಸ್ವಲ್ಪ ದಿನದಲ್ಲಿ ಮರೆತುಹೋಗುತ್ತದೆ, ಆಮೇಲೆ ವರ್ಷದ ಹೊತ್ತಿಗೆ ಬಿದ್ದು ಎದ್ದು ಹೊಸದಾಗಿ ಕಲಿಯಬೇಕು ಎಂದು ಅಜ್ಜಿ ಹಿಂದಿನಿಂದ ಕೂಗಿ ಹೇಳಿದಳು.

ಏಳನೆಯ ದಿನ ಕೂಸಿನ ಬಟ್ಟೆಯಲ್ಲಿ ಎರಡು ಹನಿ ರಕ್ತ ಕಂಡು ಆಯಿ ಹೌಹಾರಿದಳು. ಕೋಣೆಯಿಂದ ಕರೆದ ಅವಳ ದನಿ ಕೇಳಿ ನಾನು ಒಳಗೆ ಓಡಿದೆ. ಅಜ್ಜಿ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಇಲ್ಲ, ಹೆಣ್ಣು ಕೂಸಿಗೆ ಒಮ್ಮೊಮ್ಮೆ ಹೀಗೆ ಕಾಣುತ್ತದೆ, ತಾಯಿಯ ಮೈಯದೇ ಅದು, ನಾಡಿದ್ದಿನೊಳಗೆ ನಿಲ್ಲುತ್ತದೆ ಎಂದಳು. ನಿಂತಿತು. ಆಯಿಗೆ ಅತ್ತೆಯ ಮೇಲೆ ಇದ್ದ ನಂಬಿಕೆ ಅಂದಿನಿಂದ ಇಮ್ಮಡಿಯಾಯಿತು. ಮುಂದಿನದಕ್ಕೆ ಅವಳು ಯಾಕೆ ಬಾಯಿ ಬಿಡಲಿಲ್ಲ ಎಂದು ಯೋಚಿಸಿದಾಗಲೆಲ್ಲ ನನಗೆ ಆ ಎರಡು ಹನಿ ನೆನಪಾಗುತ್ತವೆ. ಅಜ್ಜಿ ಹೇಳಿದ್ದು ಸುಳ್ಳಾದ ಒಂದೇ ಒಂದು ದಿನವನ್ನೂ ನಮ್ಮ ಮನೆ ಅಲ್ಲಿಯವರೆಗೆ ಕಂಡಿರಲಿಲ್ಲ.

ಅದೇ ವಾರ ಕೂಸಿನ ಎದೆ ಉಬ್ಬಿತು. ಎರಡೂ ಕಡೆ ಅಡಿಕೆಯಷ್ಟು ಗಂಟು, ಅದರ ತುದಿಯಲ್ಲಿ ಬಿಳಿಯ ಹನಿ. ಅದು ಹಾಲು. ಹುಟ್ಟಿದ ಕೂಸಿನ ಎದೆಯಲ್ಲೇ ಹಾಲು ಬರುತ್ತದೆ ಎಂದರೆ ಇವತ್ತಿಗೂ ಎಷ್ಟೋ ಜನ ನಂಬುವುದಿಲ್ಲ, ಗಂಡುಮಕ್ಕಳಿಗೂ ಬರುತ್ತದೆ ಎಂದರೆ ನಕ್ಕೇ ಬಿಡುತ್ತಾರೆ. ಆದರೆ ನಮ್ಮ ಕಡೆಯ ಮುದುಕಿಯರಿಗೆಲ್ಲ ಅದು ಗೊತ್ತಿದ್ದ ವಿಷಯ. ಆ ಹಾಲನ್ನು ದಿನಾ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಒಳಗೇ ಕಟ್ಟಿಕೊಂಡು ಗಟ್ಟಿಯಾಗುತ್ತದೆ ಎಂದು ಅವರ ಲೆಕ್ಕ. ಅಜ್ಜಿ ಎಣ್ಣೆಗೈಯ ಎರಡು ಬೆರಳಿನಲ್ಲಿ ಹಿಡಿದು ಒತ್ತುತ್ತಿದ್ದಳು. ಕೂಸು ಬಿಳುಚಿಕೊಂಡು, ಉಸಿರು ಹಿಡಿದು, ಆಮೇಲೆ ಕೂಗುತ್ತಿತ್ತು. ಕೂಸು ಅಳಬೇಕು, ಅತ್ತರೇ ಉಸಿರು ಗಟ್ಟಿಯಾಗುವುದು ಎಂದು ಅಜ್ಜಿ ನನ್ನ ಕಡೆ ನೋಡಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಒಂಬತ್ತು ವರ್ಷದವಳಿಗೆ ಅಜ್ಜಿಯ ಸಂಗಡ ನಗುವುದಕ್ಕಿಂತ ದೊಡ್ಡ ಸುಖ ಯಾವುದಿತ್ತು?

ಎಡಗಡೆ ಕೆಂಪಾದದ್ದನ್ನು ಮೊದಲು ನೋಡಿದವಳು ನಾನು. ಹದಿನೈದನೆಯ ದಿನವೋ ಹದಿನಾರನೆಯದೋ ಇರಬೇಕು. ಅಜ್ಜಿಗೆ ಹೇಳಿದೆ. ಹೌದು ಹೌದು, ಬಿಸಿನೀರಿಗೆ ಹಾಗಾಗುತ್ತದೆ ಎಂದು ಅರಿಶಿನ ಅರೆದು ಹಚ್ಚಿ, ಹಾಲು ಇನ್ನೂ ಒಳಗೆ ಉಳಿದಿದೆಯೆಂದು ಮತ್ತಷ್ಟು ಹಿಂಡಿದಳು. ಮರುದಿನ ಆ ಕಡೆ ಮುಟ್ಟಿದರೆ ಕೆಂಡದಂತೆ ಸುಡುತ್ತಿತ್ತು. ಅದರ ಮರುದಿನ ಕೂಸಿಗೆ ಜ್ವರ. ಅಜ್ಜಿ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಯಾರದೋ ದೃಷ್ಟಿ, ನೋಡಲು ಬಂದವರೆಲ್ಲ ಕೂಸು ದುಂಡಗಿದೆ ಎಂದು ಬಾಯ್ತುಂಬ ಹೊಗಳಿ ಹೋಗಿದ್ದಾರೆ ಎಂದಳು. ಆದರೆ ಅಂದು ಮಧ್ಯಾಹ್ನ ಕೂಸು ಹಾಲು ಕುಡಿಯಲಿಲ್ಲ. ಆಯಿ ಎದೆಗೆ ಹಿಡಿದು ಕೂತೇ ಇದ್ದಳು. ನಾನು ಅಜ್ಜಿ ಕಲಿಸಿದಂತೆ ಕೆನ್ನೆ ಮುಟ್ಟಿ ನೋಡಿದೆ. ಕೂಸು ತಿರುಗಲಿಲ್ಲ. ಅದರ ಅಂಗೈಯಲ್ಲಿ ನನ್ನ ಬೆರಳಿಟ್ಟೆ. ದಿನಾ ಬಿಡಿಸಿಕೊಳ್ಳಲಾಗದಷ್ಟು ಗಟ್ಟಿ ಹಿಡಿಯುತ್ತಿದ್ದ ಕೈ ಅದು. ಅವತ್ತು ಬೆರಳುಗಳು ಮಡಚಲೇ ಇಲ್ಲ. ತಂಗಿ ಸಾಯುತ್ತಾಳೆ ಎಂದು ನನಗೆ ಆಗಲೇ ಅನ್ನಿಸಿಬಿಟ್ಟಿತು.

ಆಯಿ ಮದುವೆಯಾಗಿ ಬಂದ ಮೇಲೆ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ಕೇಳಿದೆ. ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೆರಿಗೆಯಾಗಿ ಇಪ್ಪತ್ತು ದಿನವಾಗದ ಮೈಯಲ್ಲಿ, ಬಾಣಂತಿಕೋಣೆಯ ಹೊಸ್ತಿಲು ದಾಟಿ ಜಗಲಿಗೆ ಬಂದಳು. ಬಾಣಂತಿ ಹೀಗೆ ಗಾಳಿಗೆ ಬಂದರೆ ಏನಾದೀತು ಎಂದು ಅಜ್ಜಿ ಬೈಯಲು ಶುರುಮಾಡಿದಳು. ಆಯಿ ಅವಳ ಕಡೆ ನೋಡಲೇ ಇಲ್ಲ, ಅಪ್ಪನ ಹತ್ತಿರ ಹೇಳಿದಳು:

“ನಾ ಕುಮಟೆಗೆ ಹೋಗ್ತೆ. ನೀವು ಬಂದ್ರೆ ಬನ್ನಿ, ಬರ್ದಿದ್ರೆ ನಾ ಒಬ್ಬಳೇ ಬಸ್ಸು ಹತ್ತತೆ.”

ಅಪ್ಪ ಅಂಗಿ ಹಾಕಿಕೊಂಡ. ಅಜ್ಜಿ ಹಿಂದಿನಿಂದ ಗೊಣಗುತ್ತಲೇ ಬಂದು ಬಸ್ಸು ಹತ್ತಿದಳು. ಕೂಸಿನ ಬಟ್ಟೆಯ ಚೀಲ ಹಿಡಿಯಲು ನಾನೂ ಹೊರಟೆ. ಡಾಕ್ಟರರ ಕೋಣೆಯಲ್ಲಿ ನಾವು ಐದೂ ಜನ. ಡಾಕ್ಟರು ಹೆಂಗಸು, ನಿಧಾನವಾಗಿ ಮಾತಾಡುವವರು. ಬಟ್ಟೆ ಸರಿಸಿ ಎದೆ ನೋಡಿದವರೇ ತಲೆಯೆತ್ತಿ, ಇದನ್ನು ಯಾರು ಹಿಂಡಿದ್ದು ಎಂದು ಕೇಳಿದರು. ಆಯಿ ನೆಲ ನೋಡಿದಳು. ಅಪ್ಪ, ಯಾರೂ ಮುಟ್ಟಿಲ್ಲ, ತಾನಾಗಿಯೇ ಕೆಂಪಾಯಿತು ಎಂದ. ಅಜ್ಜಿ ಗೋಡೆ ನೋಡುತ್ತ ಕೂತಿದ್ದಳು. ಡಾಕ್ಟರು ಎರಡನೆಯ ಸಲ ಕೇಳಿದರು, ಎಷ್ಟು ದಿನದಿಂದ ಹಿಂಡಿದ್ದಾರೆಂದು ಗೊತ್ತಾದರೆ ಮದ್ದು ಕೊಡಲು ಅನುಕೂಲ ಎಂದರು. ಮದ್ದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ತೆರೆಯಿತು.

“ಅಜ್ಜಿ ಹಿಂಡಿದ್ದು. ಹತ್ತು ದಿನ ಆತು. ನಾನೇ ನೀರು ಹೊಯ್ತಿದ್ದೆ.”

ಅಜ್ಜಿ ನನ್ನ ಕಡೆ ತಿರುಗಿ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಯಾರ ಮನೆಯ ಮಗಳೋ ಎಂಬಂತೆ ನೋಡಿದಳು. ಡಾಕ್ಟರು ದನಿ ಏರಿಸಲಿಲ್ಲ. ತಾಯಿಯ ಮೈಯಲ್ಲಿ ಹಾಲು ತರಿಸುವ ರಸವೇ ಗರ್ಭದಲ್ಲಿ ಕೂಸಿಗೂ ಸೇರಿರುತ್ತದೆ, ಅದರಿಂದ ಹುಟ್ಟಿದ ಮೇಲೆ ಕೆಲವು ದಿನ ಎದೆ ಉಬ್ಬಿ ಹಾಲು ಬರುತ್ತದೆ, ಹೆಣ್ಣು ಕೂಸಿಗೆ ಹನಿ ರಕ್ತ ಕಾಣುವುದೂ ಅಂಥದ್ದೇ ಎಂದು ಅಜ್ಜಿಗೇ ಬಿಡಿಸಿ ಹೇಳಿದರು. ಸುಮ್ಮನೆ ಬಿಟ್ಟರೆ ತಾನೇ ಒಣಗುತ್ತದೆ. ಒತ್ತಿದರೆ ಒಳಗಿನ ಎಳೆಮಾಂಸ ಒಡೆದು, ನಂಜು ಸೇರಿ, ಕೀವಾಗುತ್ತದೆ. ನಂಜು ರಕ್ತಕ್ಕೆ ಹೋದರೆ ಜ್ವರ ಬರುತ್ತದೆ, ಕೂಸು ಹಾಲು ಕುಡಿಯುವುದನ್ನು ಬಿಡುತ್ತದೆ, ಆಮೇಲೆ ಉಳಿಸುವುದು ಕಷ್ಟ. ರಕ್ತವನ್ನು ಮುಟ್ಟದೆ ಬಿಡಬೇಕೆಂದು ತಿಳಿದಿದ್ದ ಅಜ್ಜಿಗೆ ಹಾಲನ್ನೂ ಹಾಗೇ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಎದ್ದು ಹೊರಗೆ ಹೋದಳು.

ಸಂಜೆ ಕೂಸಿನ ಎದೆ ಕೊಯ್ದು ಕೀವು ತೆಗೆದರು. ಇಷ್ಟೇ ಇಷ್ಟು ಎದೆಯಿಂದ ಬಂದ ಕೀವು ನೋಡಿ ಅಪ್ಪ ಗೋಡೆಗೆ ಆತುಕೊಂಡ. ಹನ್ನೊಂದು ದಿನ ಆಯಿ ಮತ್ತು ಕೂಸು ಕುಮಟೆಯಲ್ಲಿದ್ದರು. ಅಪ್ಪ ಬುತ್ತಿ ತೆಗೆದುಕೊಂಡು ಹೋಗಿ ಬರುತ್ತಿದ್ದ. ಮನೆಯಲ್ಲಿ ನಾನು ಮತ್ತು ಅಜ್ಜಿ. ಮನೆಯ ಮಾತನ್ನು ಹೊರಗಿನವರ ಮುಂದೆ ಆಡಿದವಳೆಂದು ಅಪ್ಪ ನನ್ನನ್ನು ಬೈದಿದ್ದ. ಬೈದದ್ದು ಮರೆತೂ ಬಿಟ್ಟ. ಅಜ್ಜಿ ಬೈಯಲಿಲ್ಲ, ಮಾತೇ ಬಿಟ್ಟಳು. ಗಂಜಿ ಬಡಿಸುವಳು, ಉಪ್ಪಿನಕಾಯಿ ಹಾಕುವಳು, ನನ್ನ ಜಡೆಯನ್ನೂ ಹೆಣೆಯುವಳು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವುದನ್ನೂ ಬಿಟ್ಟಳು, ನಾವಿಬ್ಬರೂ ತಣ್ಣೀರಿನಲ್ಲೇ ಮೀಯುತ್ತಿದ್ದೆವು. ತಂಗಿ ಉಳಿಯಲಿ ಎಂದು ನಾನು ದೇವರಿಗೆ ಕೈಮುಗಿಯುತ್ತಿದ್ದೆ. ಅದರ ಬೆನ್ನಿಗೇ ಅಜ್ಜಿ ಮಾತಾಡಲಿ ಎಂದೂ ಕೇಳಿಕೊಳ್ಳುತ್ತಿದ್ದೆ. ಎರಡನ್ನೂ ಕೇಳಿದರೆ ದೇವರು ಒಂದನ್ನೇ ಕೊಟ್ಟಾನು, ಅದು ಯಾವುದೋ ಎಂದು ಹೆದರಿ ಕೆಲವು ದಿನ ಎರಡನೆಯದನ್ನು ಕೇಳುವುದನ್ನೇ ಬಿಟ್ಟೆ.

ತಂಗಿ ಉಳಿದಳು. ಡಾಕ್ಟರು ಕಳಿಸಿಕೊಡುವಾಗ, ಹೆಣ್ಣು ಮಗು, ಆ ಕಡೆಯ ಎದೆ ಮುಂದೆ ಸರಿಯಾಗಿ ಬೆಳೆಯದೆಯೂ ಇರಬಹುದು ಎಂದಿದ್ದರಂತೆ. ಬೆಳೆಯಲಿಲ್ಲ. ಅವಳೀಗ ಭಟ್ಕಳದಲ್ಲಿ ಶಿಕ್ಷಕಿ. ಬಲಗಡೆಯ ಒಂದೇ ಎದೆಯಿಂದ ಇಬ್ಬರು ಮಕ್ಕಳಿಗೆ ಹಾಲು ಕೊಟ್ಟು ಬೆಳೆಸಿದವಳು. ಇದನ್ನು ಬರೆಯಲೇ ಎಂದು ಕೇಳಿದಾಗ, ಬರೆ, ಓದಿದ ಯಾರಾದರೊಬ್ಬರ ಕೈಯಾದರೂ ನಿಂತೀತು ಎಂದಳು.

ಕೂಸು ಮನೆಗೆ ಬಂದ ಮೇಲೆ ಆಯಿಯೇ ಮೀಯಿಸತೊಡಗಿದಳು. ಕೂಸು ಜಾರುತ್ತಿತ್ತು, ಕಣ್ಣಿಗೆ ನೀರು ಹೋಗುತ್ತಿತ್ತು. ಅಜ್ಜಿ ಬಚ್ಚಲಿಗೆ ಬೆನ್ನು ಹಾಕಿ ಅಡುಗೆಮನೆಯಲ್ಲಿ ಕೂತಿರುತ್ತಿದ್ದಳು. ಒಂದು ಬೆಳಿಗ್ಗೆ ಕೂಸು ಅಳುವುದನ್ನು ಕೇಳಿ ತಡೆಯದೆ ಎದ್ದು ಬಂದು ಬಾಗಿಲಲ್ಲಿ ನಿಂತಳು. ಆಯಿ ತಲೆಯೆತ್ತಿ ನೋಡಿ ಮಣೆಯಿಂದ ಎದ್ದಳು. ಅಜ್ಜಿ ಕೂರಲಿಲ್ಲ, ತನ್ನ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ತಿರುಗಿ ಹೋದಳು. ಅದೇ ದಿನಗಳಲ್ಲಿ ಮಾವಿನಕುರ್ವೆಯಿಂದ ಒಬ್ಬ ಮೀನುಗಾರ, ಸೊಸೆಗೆ ಹೆರಿಗೆಯಾಗಿದೆ, ಮೀಯಿಸಲು ಬರಬೇಕು ಎಂದು ಕರೆಯಲು ಬಂದ. ಅಜ್ಜಿ ಆಗುವುದಿಲ್ಲ ಎನ್ನಲಿಲ್ಲ. ತನಗೆ ಕಾಗಾಲಕ್ಕೆ ಒಮ್ಮೆ ಹೋಗಿ ಬರುವುದಿದೆ, ಆಮೇಲೆ ನೋಡುತ್ತೇನೆ ಎಂದಳು. ಕಾಗಾಲದಲ್ಲಿ ನಮಗೆ ನೆಂಟರಿಲ್ಲ. ಅಪ್ಪ ಯಾಕೆಂದು ಕೇಳಿದ್ದಕ್ಕೆ ಉತ್ತರ ಕೊಡದೆ ಅಜ್ಜಿ ನನ್ನ ಕಡೆ ತಿರುಗಿದಳು. ತಿಂಗಳ ಮೇಲೆ ಅವಳು ನನಗೆ ಆಡಿದ ಮೊದಲ ಮಾತು ಅದು.

“ಸುಮತಿ, ಆಯ್ತವಾರ ಶಾಲೆ ಇಲ್ಲಲ್ಲ. ನನ್ ಸಂಗಡ ಬಾ.”

ಬಸ್ಸಿನಲ್ಲಿ ಅವಳು ಕಿಟಕಿಯ ಹತ್ತಿರ ಕೂತಳು. ಮಾತು ಬಂದ ಖುಷಿಗೆ ನಾನು ಏನೇನೋ ಹೇಳಹೊರಟೆ, ಅವಳು ಕೈ ಅಡ್ಡ ಹಿಡಿದಳು. ಆಮೇಲೆ, ಡಾಕ್ಟರು ಅವತ್ತು ಹೇಳಿದ್ದನ್ನು ಮತ್ತೊಮ್ಮೆ ಹೇಳು ಎಂದಳು. ನಾನು ಪಾಠ ಒಪ್ಪಿಸುವಂತೆ ಒಪ್ಪಿಸಿದೆ: ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಕೀವಾಗುತ್ತದೆ, ಜ್ವರ ಬರುತ್ತದೆ, ಹಾಲು ಬಿಡುತ್ತದೆ. ಹಾಲು ಬಿಡುತ್ತದೆ ಎಂದರಾ ಎಂದು ಕೇಳಿದಳು. ಹೌದು ಎಂದೆ. ಕುಮಟೆಯಲ್ಲಿ ಇಳಿದು ಕಾಗಾಲದ ಬಸ್ಸಿಗೆ ಕಾಯುವಾಗ ಅವಳು ಒಂದೊಂದೇ ಮಾತಿನಲ್ಲಿ ಹೇಳಿದಳು. ಕಾಗಾಲದಲ್ಲಿ ನಾಗವೇಣಿ ಎಂಬ ಹೆಂಗಸು, ಅವಳ ಮೊದಲ ಕೂಸು. ಈಗಿದ್ದಿದ್ದರೆ ನನಗಿಂತ ಒಂದು ವರ್ಷಕ್ಕೆ ದೊಡ್ಡದಾಗಿರುತ್ತಿತ್ತು. ಅಜ್ಜಿ ಆ ಮನೆಯಲ್ಲೇ ಉಳಿದು ಮೀಯಿಸುತ್ತಿದ್ದಳು. ಎದೆ ಕೆಂಪಾಯಿತು, ಜ್ವರ ಬಂತು, ಹತ್ತೊಂಬತ್ತನೆಯ ದಿನ ಕೂಸು ಹಾಲು ಬಿಟ್ಟಿತು, ಇಪ್ಪತ್ತೊಂದಕ್ಕೆ ಹೋಯಿತು. ದೃಷ್ಟಿಯೆಂದು ಹೇಳಿ, ನಿವಾಳಿಸಿ, ಆ ತಾಯಿಯನ್ನು ಸಮಾಧಾನ ಮಾಡಿ, ಅವರು ಕೊಟ್ಟ ಸೀರೆಯನ್ನು ತೆಗೆದುಕೊಂಡು ಬಂದವಳು ಅಜ್ಜಿ. ಡಾಕ್ಟರರ ಕೋಣೆಯಿಂದ ಎದ್ದು ಹೊರಗೆ ಹೋದಾಗಲೇ ಆ ಕೂಸು ಕಣ್ಣೆದುರು ಬಂತಂತೆ. ಆ ಒಂದು ತಿಂಗಳು ಅವಳು ಮಾತು ಬಿಟ್ಟಿದ್ದು ನನ್ನ ಮೇಲಿನ ಸಿಟ್ಟಿಗೆ ಎಂದು ನಾನು ತಿಳಿದಿದ್ದೆ. ಸಿಟ್ಟಲ್ಲ ಅದು, ಎದೆಯೊಳಗೆ ಅದೊಂದನ್ನೇ ಇಟ್ಟುಕೊಂಡು ಕೂತಿದ್ದಳು ಎಂದು ಆಗ ತಿಳಿಯಿತು. ನನಗೆ ಅಳು ಬಂತು. ಮನೆಗೆ ಹೋಗೋಣ ಅಜ್ಜಿ, ಅವರಿಗೆ ಹೇಳುವುದು ಬೇಡ ಎಂದೆ. ಅವಳು ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

ನಾಗವೇಣಿ ಅಂಗಳದಲ್ಲಿ ಒಣಮೆಣಸು ಹರವುತ್ತಿದ್ದಳು. ಅಜ್ಜಿಯನ್ನು ಕಂಡು ಕೈ ಝಾಡಿಸಿಕೊಂಡು ಓಡಿ ಬಂದು ಜಗಲಿಯಲ್ಲಿ ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟಳು. ಆಮೇಲೆ ಅವಳಿಗೆ ಇಬ್ಬರು ಗಂಡುಮಕ್ಕಳಾಗಿದ್ದರು, ಅವರನ್ನು ಮೀಯಿಸಲು ಹೇಳಿಕಳಿಸದೆ ಇದ್ದದ್ದಕ್ಕೆ ತಪ್ಪು ತಿಳಿಯಬಾರದು ಎಂದಳು. ಅಜ್ಜಿ ಬೆಲ್ಲ ಮುಟ್ಟಲಿಲ್ಲ. ನನ್ನನ್ನು ತೋರಿಸಿ, ಇವಳ ತಂಗಿಗೆ ಹೀಗಾಯಿತು, ಹಿಂಡಿದವಳು ನಾನು, ಇವಳು ಬಾಯಿ ಬಿಟ್ಟು ಹೇಳಿದ್ದಕ್ಕೆ ಕೂಸು ಉಳಿಯಿತು, ನನಗೂ ತಿಳಿಯಿತು ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ನಾಗವೇಣಿ ಕಂಬ ಹಿಡಿದು ನಿಂತು ಕೇಳಿದಳು. ಅಜ್ಜಿ ಕೊನೆಗೆ ಅವಳ ಮುಖ ನೋಡಿ ಹೇಳಿದಳು:

“ನಿನ್ ಕೂಸಿಗೆ ದೃಷ್ಟಿ ಆಗಿದ್ದಲ್ಲ ನಾಗವೇಣಿ. ನನ್ ಕೈಯಿಂದ ಆದದ್ದು. ಅದನ್ನ ಹೇಳೂಕೇ ಬಂದೆ.”

ನಾಗವೇಣಿ ಕಂಬ ಬಿಟ್ಟು ಕೆಳಗೆ ಕೂತಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಾನು ಅಜ್ಜಿಯ ಬೆನ್ನಿಗೆ ಸರಿದೆ. ಅವಳು ಒಳಗಿದ್ದವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

“ಮಾದೇವಕ್ಕ, ಬೆಳಿಗ್ಗೆ ನೀವು ಹಿಂಡ್ತಿದ್ರಿ. ಸಂಜೆಗೆ ಮತ್ತೆ ಹನಿ ಕಾಣ್ತಿತ್ತು. ನೀವು ಹೊಳೆ ಬದಿಗೆ ಹೋದಾಗ ನಾನೂ ಹಿಂಡ್ತಿದ್ದೆ. ನಿಮಗೆ ಹೇಳ್ಳಿಲ್ಲ. ಯಾರಿಗೂ ಹೇಳ್ಳಿಲ್ಲ. ನಾನೇ ಕೊಂದೆ ಅಂದ್ಕಂಡೇ ಇಷ್ಟು ವರ್ಷ ಇದ್ದೆ. ಆ ಹುಡುಗರು ಹುಟ್ಟಿದಾಗ ನಿಮ್ಮನ್ನ ಕರೀಲಿಲ್ಲ, ನಿಮ್ ಮುಖ ಕಂಡ್ರೆ ಬಾಯಿಂದ ಬಂದ್ಬಿಡ್ತದೆ ಅಂತ.”

ಅಜ್ಜಿ ಕೂತಲ್ಲಿಂದಲೇ ಮುಂದೆ ಸರಿದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವಳು ಬಿಡಿಸಿಕೊಳ್ಳಲು ನೋಡಿದಳು, ಅಜ್ಜಿ ಬಿಡಲಿಲ್ಲ.

“ನೀ ಹಿಂಡಿದ್ದು ನನ್ನ ನೋಡ್ಕಂಡು. ನಾ ತೋರಿಸ್ದೆ ಇದ್ದಿದ್ರೆ ನಿನ್ ಕೈ ಅಲ್ಲಿಗೆ ಹೋಗ್ತಿತ್ತಾ? ಅದೂ ನಂದೇ. ಇವತ್ತಿಂದ ಅದನ್ನ ನೀ ಇಟ್ಕಣಬೇಡ, ನಂಗೇ ಕೊಡು.”

ನಾಗವೇಣಿ ಆಗ ಅತ್ತಳು. ಹತ್ತು ವರ್ಷ ತಡೆದಿಟ್ಟ ಅಳು ಅದು. ಒಳಗಿನಿಂದ ಅವಳ ಗಂಡ, ಮಕ್ಕಳು ಓಡಿ ಬಂದರು, ಏನಾಯಿತೆಂದು ಕೇಳಿದರು. ಅಜ್ಜಿ ಅವಳ ಕೈ ಬಿಡದೆ, ತಲೆಯೆತ್ತಿ, ಅವರಿಗೂ ಹೇಳಿದಳು. ಕೂಸಿನ ಎದೆ ಹಿಂಡಿದವಳು ತಾನೊಬ್ಬಳೇ ಎಂದು ಹೇಳಿದಳು.